ಪ್ರಾತಃಕಾಲದ ಮನ್ನಾ

(ಶತಮಾನೋತ್ಸವದ ಪೂರ್ವಸಿದ್ಧತೆಯಾಗಿ ನಡೆದ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸುತ್ತಿರುವ ಈ ಶುಭಸಂದರ್ಭದಲ್ಲಿ ಗೋಡೆಗಳಿಗೆ ಬಣ್ಣ ಬಳಿದಿದ್ದೇವೆ, ಗಂಟೆಗೋಪುರವನ್ನು ದುರಸ್ತಿ ಮಾಡಿದ್ದೇವೆ, ಪೀಠವನ್ನು ಅಲಂಕರಿಸಿದ್ದೇವೆ. ಇವೆಲ್ಲವೂ ಯುಕ್ತವಾದ ಕಾರ್ಯಗಳೇ. ಆದರೆ ಕಲ್ಲು ಗಾರೆಗಳ ಈ ಮಂದಿರವು ಮುಂದಿನ ನೂರು ವರ್ಷಗಳ ಕಾಲ ನಿಂತರೂ ನಮ್ಮ ಮನೆಗಳಲ್ಲಿ ವಿಶ್ವಾಸವು ಆರಿಹೋದರೆ ಏನು ಪ್ರಯೋಜನ? ಆದುದರಿಂದ ಇಂದು ಮನೆಯ ಮಾತನ್ನೇ ಆಡಬೇಕೆಂದು ಬಯಸಿದ್ದೇವೆ. ಪ್ರತಿದಿನ ಮುಂಜಾನೆ ಪವಿತ್ರ ಗ್ರಂಥವನ್ನು ಓದಿ ಪ್ರಾರ್ಥಿಸುವ ಅಭ್ಯಾಸವೇ ನಮ್ಮ ವಿಷಯ.

ಮನೆಗಳನ್ನು ಆಶೀರ್ವದಿಸಲು ಹೋದಾಗಲೆಲ್ಲ ನಾವು ಕಾಣುವ ದೃಶ್ಯವೊಂದಿದೆ. ದೇವರ ಪೀಠದ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಮಾತೆ ಮರಿಯಮ್ಮನವರ ಸ್ವರೂಪ, ಅವುಗಳ ನಡುವೆ ಬೈಬಲ್. ಅದಕ್ಕೆ ಹೂವು ಮುಡಿಸಿರುತ್ತಾರೆ, ಧೂಳು ತಾಗದಂತೆ ಹೊದಿಕೆಯನ್ನೂ ಹಾಕಿರುತ್ತಾರೆ. ಈ ಗೌರವವು ಒಳ್ಳೆಯದೇ. ಆದರೆ ದೂರದ ಊರಿನಲ್ಲಿರುವ ತಂದೆಯಿಂದ ಬಂದ ಪತ್ರಕ್ಕೆ ಹೂವು ಮುಡಿಸಿ, ಒಡೆಯದೆಯೇ ಇಟ್ಟ ಮಕ್ಕಳನ್ನು ಏನೆನ್ನೋಣ? ಪತ್ರವು ಓದುವುದಕ್ಕಾಗಿ ಬಂದುದಲ್ಲವೇ?

ವಿಮೋಚನಾಕಾಂಡದ ಹದಿನಾರನೆಯ ಅಧ್ಯಾಯವನ್ನು ಸ್ಮರಿಸೋಣ. ಮರುಭೂಮಿಯಲ್ಲಿ ಹಸಿದ ಇಸ್ರಯೇಲರಿಗೆ ದೇವರು ಮನ್ನಾವನ್ನು ಕರುಣಿಸಿದರು. ಜನರು ಅದನ್ನು ಮುಂಜಾನೆಯೇ ಕೂಡಿಸಿಕೊಳ್ಳಬೇಕಾಗಿತ್ತು; ಬಿಸಿಲೇರಿದೊಡನೆ ಅದು ಕರಗಿಹೋಗುತ್ತಿತ್ತು. ನಾಳೆಗೆಂದು ಅಡಗಿಸಿಟ್ಟದ್ದು ಹುಳಬಿದ್ದು ನಾರುತ್ತಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಲು ಅಪ್ಪಣೆಯಿತ್ತು. ಹೀಗೆ ನಾಲ್ವತ್ತು ವರ್ಷಗಳ ಕಾಲ ದೇವರು ತಮ್ಮ ಪ್ರಜೆಯನ್ನು ಅಂದಂದಿನ ಆಹಾರದಿಂದಲೇ ಸಾಕಿದರು. ಭಾನುವಾರ ಕೇಳಿದ ಶುಭಸಂದೇಶದಿಂದ ವಾರವನ್ನೆಲ್ಲ ನಡೆಸಿಬಿಡುತ್ತೇವೆ ಎನ್ನುವವರಿಗೆ ಇದರಲ್ಲಿ ಪಾಠವಿದೆ. ಇನ್ನೊಂದು ಸಾಂತ್ವನವೂ ಇದೆ: ನಿನ್ನೆ ತಪ್ಪಿಸಿಕೊಂಡವನಿಗೂ ಇಂದಿನ ಮನ್ನಾ ಹೊರಗೆ ಕಾದಿರುತ್ತಿತ್ತು. ಒಂದೆರಡು ದಿನ ಓದು ತಪ್ಪಿದೊಡನೆ, “ಇದು ನಮ್ಮ ಕೈಯಲ್ಲಾಗದು” ಎಂದು ಪುಸ್ತಕವನ್ನು ಮುಚ್ಚಿಡುವವರು ಇದನ್ನು ಮರೆಯಬಾರದು.

ನಮ್ಮ ಪ್ರಭುವಿನ ಮಾದರಿಯನ್ನು ನೋಡಿರಿ. ಸಂತ ಮಾರ್ಕನು ತನ್ನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿಯೇ ಅದನ್ನು ದಾಖಲಿಸಿದ್ದಾನೆ. ಹಿಂದಿನ ಸಂಜೆ ಕಫೆರ್ನವುಮಿನ ಜನರೆಲ್ಲರೂ ರೋಗಿಗಳನ್ನು ಹೊತ್ತು ಬಾಗಿಲಲ್ಲಿ ನೆರೆದಿದ್ದರು. ಅಷ್ಟು ದಣಿದಿದ್ದರೂ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಪೇತ್ರನೂ ಸಂಗಡಿಗರೂ ಹುಡುಕಿಕೊಂಡು ಬಂದು, ಎಲ್ಲರೂ ತಮ್ಮನ್ನು ಅರಸುತ್ತಿದ್ದಾರೆಂದು ತಿಳಿಸಿದಾಗ, ಪ್ರಭು ಆ ಜನಸಂದಣಿಗೆ ಹಿಂದಿರುಗಲಿಲ್ಲ. ಅಕ್ಕಪಕ್ಕದ ಊರುಗಳಲ್ಲಿಯೂ ಬೋಧಿಸಬೇಕಾಗಿದೆ ಎಂದು ಮುಂದೆ ಹೊರಟರು. ಬಿಡುವಿತ್ತೆಂದು ಅವರು ಪ್ರಾರ್ಥಿಸಲಿಲ್ಲ. ಪ್ರಾರ್ಥಿಸಿದ ಮೇಲೆ ಆ ದಿನದ ದಾರಿಯು ಅವರ ಮುಂದೆ ಸ್ಪಷ್ಟವಾಗಿತ್ತು. ಕೆಲಸ ಹೆಚ್ಚಿದಷ್ಟೂ ಪ್ರಾರ್ಥನೆಯನ್ನು ಕಡಿಮೆ ಮಾಡುವ ನಮಗೆ ಇದಕ್ಕಿಂತ ಬೇರೆ ಉಪದೇಶ ಬೇಕೆ?

ಕಥೋಲಿಕರಾದ ನಮಗೆ ಪವಿತ್ರ ಗ್ರಂಥವನ್ನು ಸ್ವತಃ ಓದುವ ರೂಢಿಯಿಲ್ಲ, ಗುರುಗಳು ಹೇಳಿದ್ದನ್ನು ಕೇಳಿದರೆ ಸಾಕು ಎಂಬ ಮಾತು ಇಂದಿಗೂ ಕೆಲವು ಹಿರಿಯರ ಬಾಯಲ್ಲಿದೆ. ಬಲಿಪೂಜೆಯು ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಜನರು ಜಪಸರ ಹಿಡಿದು ಕುಳಿತಿರುತ್ತಿದ್ದುದುಂಟು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಗೆ ದೇಶಭಾಷೆಗಳ ಬಾಗಿಲನ್ನು ತೆರೆಯಿತು. 1965ರ ನವೆಂಬರ್ 18ರಂದು ಘೋಷಿತವಾದ ದೈವಪ್ರಕಟನೆಯ ಶಾಸನವು, ಕ್ರೈಸ್ತ ವಿಶ್ವಾಸಿಗಳೆಲ್ಲರೂ ಪದೇ ಪದೇ ಪವಿತ್ರ ಗ್ರಂಥವನ್ನು ಓದಬೇಕೆಂದೂ, ಓದಿನೊಡನೆ ಪ್ರಾರ್ಥನೆಯೂ ಕೂಡಿರಬೇಕೆಂದೂ ಒತ್ತಿ ಹೇಳಿತು. ಪವಿತ್ರ ಗ್ರಂಥವನ್ನು ಅರಿಯದವನು ಕ್ರಿಸ್ತರನ್ನೇ ಅರಿಯದವನೆಂಬ ಸಂತ ಜೆರೋಮರ ಎಚ್ಚರಿಕೆಯನ್ನೂ ಅದು ನೆನಪಿಸಿತು. ಪೋಪ್ ಫ್ರಾನ್ಸಿಸರು 2019ರಲ್ಲಿ, ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವನ್ನಾಗಿ ಸಾರಿದರು. ಆದ್ದರಿಂದ ಇದು ಅನ್ಯರಿಂದ ತಂದ ಪದ್ಧತಿಯಲ್ಲ. ಧರ್ಮಸಭೆಯು ನಮ್ಮ ಕೈಗೆ ಮರಳಿ ಕೊಟ್ಟ ಪಿತ್ರಾರ್ಜಿತ ಆಸ್ತಿ.

ಹಾಗಾದರೆ ಜಪಸರವನ್ನು ಬಿಡಬೇಕೇ ಎಂದು ತಾಯಂದಿರು ಕೇಳಬಹುದು. ಖಂಡಿತ ಬೇಡ. ಪೋಪ್ ಎರಡನೆಯ ಜಾನ್ ಪಾಲರು 2002ರಲ್ಲಿ ಬೆಳಕಿನ ರಹಸ್ಯಗಳನ್ನು ಸೇರಿಸಿದ ಮೇಲೆ ರಹಸ್ಯಗಳು ಇಪ್ಪತ್ತಾದವು. ಅವುಗಳಲ್ಲಿ ಬಹುಪಾಲು ಶುಭಸಂದೇಶಗಳಿಂದಲೇ ಬಂದವು. ಮುಂಜಾನೆ ಕಾನಾ ಊರಿನ ಮದುವೆಯ ವೃತ್ತಾಂತವನ್ನು ಓದಿದವಳ ಸಂಜೆಯ ಜಪಸರದಲ್ಲಿ ಆ ಬರಿದಾದ ಬಾನೆಗಳೂ, ಮಾತೆಯ ಕಳವಳವೂ ಜೀವ ತಳೆಯುತ್ತವೆ.

ಇನ್ನು ಮಾಡುವ ಬಗೆಯನ್ನು ನೋಡೋಣ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಕಾರ್ತೂಸಿಯನ್ ಸನ್ಯಾಸಿಯು ಇದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವರ್ಣಿಸಿದನು: ಓದು, ಮನನ, ಪ್ರಾರ್ಥನೆ, ಧ್ಯಾನ. ಸಂಸಾರಸ್ಥರಿಗೂ ಈ ಏಣಿಯು ಎಟುಕದ್ದೇನಲ್ಲ. ಹದಿನೈದು ನಿಮಿಷಗಳು ಸಾಕು.

ಮೊದಲನೆಯದಾಗಿ, ಹೊತ್ತನ್ನೂ ಸ್ಥಳವನ್ನೂ ನಿಶ್ಚಯಿಸಿಕೊಳ್ಳಿರಿ. ಈಗಾಗಲೇ ಇರುವ ಒಂದು ಕೆಲಸಕ್ಕೆ ಇದನ್ನು ಗಂಟುಹಾಕಿದರೆ ಅಭ್ಯಾಸವು ಬೇಗ ನಿಲ್ಲುತ್ತದೆ. ಮುಖ ತೊಳೆದ ಮೇಲೆ, ಕಾಫಿ ಕುಡಿಯುವ ಮುಂಚೆ ಎಂದಿಟ್ಟುಕೊಳ್ಳಿರಿ. ಓದಬೇಕಾದ ಭಾಗಕ್ಕೆ ಹಿಂದಿನ ರಾತ್ರಿಯೇ ಗುರುತು ಇಟ್ಟಿರಿ. ಇಂದು ನಮ್ಮಲ್ಲಿ ಅನೇಕರ ಕೈ ಕಣ್ಣು ಬಿಟ್ಟೊಡನೆ ಮೊಬೈಲನ್ನು ತಡಕುತ್ತದೆ. ಊರಿನ ಸುದ್ದಿ, ನೆಂಟರ ಜಗಳ, ಸಾಲಗಾರನ ಕರೆ, ಇವೆಲ್ಲವೂ ದೇವರಿಗಿಂತ ಮುಂಚೆ ನಮ್ಮೊಡನೆ ಮಾತನಾಡಿಬಿಡುತ್ತವೆ. ಆ ಹದಿನೈದು ನಿಮಿಷ ಅದು ಬೇರೆ ಕೋಣೆಯಲ್ಲಿರಲಿ.

ಎರಡನೆಯದಾಗಿ, ಶಿಲುಬೆಯ ಗುರುತು ಹಾಕಿ, ಪವಿತ್ರಾತ್ಮರನ್ನು ಬೇಡಿಕೊಂಡು, ಹತ್ತು ಹದಿನೈದು ವಾಕ್ಯಗಳನ್ನು ನಿಧಾನವಾಗಿ, ಸಾಧ್ಯವಾದರೆ ಗಟ್ಟಿಯಾಗಿ, ಎರಡು ಸಲ ಓದಿರಿ. ಮನಸ್ಸಿಗೆ ನಾಟಿದ ಒಂದು ಮಾತನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಮೌನವಾಗಿರಿ. ಅನಂತರ ಆ ಮಾತಿಗೆ ನಿಮ್ಮದೇ ಮಾತಿನಲ್ಲಿ ಉತ್ತರ ಕೊಡಿರಿ. ದುಃಖವಿದ್ದರೆ ದುಃಖವನ್ನು, ಸಿಟ್ಟಿದ್ದರೆ ಸಿಟ್ಟನ್ನು ಹೇಳಿರಿ. ಕೀರ್ತನೆಗಾರರೂ ಹಾಗೆಯೇ ಮಾಡಿದರು. ಆ ದಿನಕ್ಕೊಂದು ಸಣ್ಣ ನಿರ್ಧಾರವನ್ನು ಮಾಡಿ, ಪ್ರಭು ಕಲಿಸಿದ ಪ್ರಾರ್ಥನೆಯಿಂದ ಮುಗಿಸಿರಿ.

ಮೂರನೆಯದಾಗಿ, ಎಲ್ಲಿಂದ ಆರಂಭಿಸಬೇಕು? ಉತ್ಸಾಹದಿಂದ ಆದಿಕಾಂಡದಲ್ಲಿ ಹೊರಟವರು ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ದಣಿದು ನಿಲ್ಲುವುದನ್ನು ಕಂಡಿದ್ದೇವೆ. ಮಾರ್ಕನ ಶುಭಸಂದೇಶದಿಂದ ಪ್ರಾರಂಭಿಸಿರಿ. ಅದರಲ್ಲಿ 16 ಅಧ್ಯಾಯಗಳಷ್ಟೇ ಇವೆ. ಬಿಡುವುಳ್ಳವರು ದಿನಕ್ಕೊಂದು ಅಧ್ಯಾಯದಂತೆ ಓದಿದರೆ ನಾಲ್ಕು ಶುಭಸಂದೇಶಗಳ 89 ಅಧ್ಯಾಯಗಳು ಮೂರು ತಿಂಗಳಲ್ಲಿ ಮುಗಿಯುತ್ತವೆ. ಹೊಸ ಒಡಂಬಡಿಕೆಯಲ್ಲಿ ಒಟ್ಟು 260 ಅಧ್ಯಾಯಗಳಿವೆ. ವಾರಕ್ಕೆ ಐದರಂತೆ ಓದಿದರೂ 52 ವಾರಗಳಲ್ಲಿ, ಅಂದರೆ ಒಂದು ವರ್ಷದಲ್ಲಿ, ಪೂರ್ಣವಾಗುತ್ತದೆ. ಹನಿಗೂಡಿದರೆ ಹಳ್ಳವಲ್ಲವೇ? ಅಷ್ಟೂ ಆಗದವರು ಆಯಾ ದಿನದ ಬಲಿಪೂಜೆಯ ಶುಭಸಂದೇಶ ಭಾಗವನ್ನು ಓದಲಿ. ಆಗ ಧರ್ಮಸಭೆಯೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಂತಾಗುತ್ತದೆ. ಅರ್ಥವಾಗದ ಕಡೆ ನಾಚಿಕೆ ಬೇಡ. ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಎಥಿಯೋಪಿಯದ ಅಧಿಕಾರಿಗೂ ಫಿಲಿಪ್ಪನ ನೆರವು ಬೇಕಾಯಿತು. ಗುರುಮನೆಯ ಬಾಗಿಲು ಅದಕ್ಕಾಗಿಯೇ ತೆರೆದಿದೆ.

ನಮ್ಮ ಜನರ ಕಷ್ಟವನ್ನು ನಾವು ಅರಿಯದವರಲ್ಲ. ಬೆಳಗಿನ ಜಾವದಲ್ಲೇ ಹಾಲು ಕರೆಯುವವರಿದ್ದಾರೆ. ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ ಕಾರ್ಖಾನೆಯ ಬಸ್ಸಿಗೆ ಓಡುವ ಹೆಣ್ಣುಮಕ್ಕಳಿದ್ದಾರೆ. ರಾತ್ರಿಪಾಳಿ ಮುಗಿಸಿ ಬಂದು ಮಲಗುವ ತಂದೆಯರಿದ್ದಾರೆ. ಅಂಥವರಿಗೆ ಎಚ್ಚರವಾದ ಹೊತ್ತೇ ಮುಂಜಾನೆ. ಒಲೆಯ ಮೇಲೆ ಹಾಲು ಕಾಯುವಾಗ ಒಂದೇ ಒಂದು ವಾಕ್ಯವನ್ನು ಮನನ ಮಾಡುವ ತಾಯಿಯ ಪ್ರಾರ್ಥನೆಯು ಮಠವಾಸಿಯ ಪ್ರಾರ್ಥನೆಗಿಂತ ಕಡಿಮೆಯದೆಂದು ಯಾರು ಹೇಳಿಯಾರು? ಕಣ್ಣು ಮಂಜಾದ ಅಜ್ಜಿಗೆ ಮೊಮ್ಮಗಳು ಓದಿ ಹೇಳಲಿ. ಹೀಗೆ ಒಂದೇ ಓದಿನಿಂದ ಇಬ್ಬರು ಉಣ್ಣುತ್ತಾರೆ, ಮಗುವೂ ಕನ್ನಡದ ಓದನ್ನು ಮರೆಯದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಪ್ರಿಯರೇ, ಕೆಲವು ದಿನ ಓದು ಒಣಗಿದ ರೊಟ್ಟಿಯಂತೆ ರುಚಿಸದು. ಮನಸ್ಸು ಹೊಲಕ್ಕೆ, ಬಾಕಿಗೆ, ಮಗಳ ಮದುವೆಗೆ ಓಡುತ್ತದೆ. ಆಗಲೂ ಬಿಡಬೇಡಿರಿ. ರೋಗಿಗಳಿಗೆ ಅಂತ್ಯಕಾಲದ ಸಂಸ್ಕಾರಗಳನ್ನು ನೀಡಲು ಹೋದ ಎಷ್ಟೋ ಮನೆಗಳಲ್ಲಿ ನಾವು ಕಂಡ ಸತ್ಯವಿದು: ಮಾತು ಉಡುಗಿದ ಘಳಿಗೆಯಲ್ಲಿ ಹೊಸದಾಗಿ ಕಲಿಯಲು ಯಾರಿಗೂ ಶಕ್ತಿಯಿರುವುದಿಲ್ಲ. ಸುಖದ ದಿನಗಳಲ್ಲಿ ಎದೆಯೊಳಗೆ ಇಳಿದ ವಾಕ್ಯವೇ ಆಗ ತುಟಿಗೆ ಬರುತ್ತದೆ. ಅದನ್ನು ಕೂಡಿಸಿಟ್ಟವರ ಕಣ್ಣಲ್ಲಿ ಭಯವಿದ್ದರೂ ಅದರ ಕೆಳಗೆ ಒಂದು ನೆಮ್ಮದಿಯಿರುತ್ತದೆ.

ನಮ್ಮ ಪೂರ್ವಿಕರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಕೇಳಿದ್ದನ್ನೇ ಎದೆಯಲ್ಲಿಟ್ಟುಕೊಂಡು ಈ ದೇವಾಲಯವನ್ನು ಕಟ್ಟಿ ನಮಗೆ ಒಪ್ಪಿಸಿದರು. ನಮಗೆ ಅಕ್ಷರವಿದೆ, ಕನ್ನಡದಲ್ಲಿ ಪವಿತ್ರ ಗ್ರಂಥವಿದೆ, ದೀಪವೂ ಇದೆ. ಶತಮಾನೋತ್ಸವದ ಕಾಣಿಕೆಯಾಗಿ ಪ್ರತಿಯೊಂದು ಕುಟುಂಬವೂ ಮಾರ್ಕನ ಶುಭಸಂದೇಶವನ್ನು ಮುಂಜಾನೆಯ ಹೊತ್ತು ಓದಿ ಮುಗಿಸಲಿ ಎಂಬುದೇ ನಮ್ಮ ಬಿನ್ನಹ. ನಾಳೆ ಬೆಳಿಗ್ಗೆಯೇ ಆ ಹೊದಿಕೆಯನ್ನು ತೆಗೆಯಿರಿ.

ವಾಕ್ಯವೇ ಮನುಷ್ಯರಾಗಿ ನಮ್ಮೊಡನೆ ವಾಸಿಸಿದ ಪ್ರಭು ಕ್ರಿಸ್ತರು ನಿಮ್ಮ ಮನೆಗಳನ್ನೂ ಮಕ್ಕಳನ್ನೂ ಹರಸಲಿ. ಆಮೆನ್.