ರಾಷ್ಟ್ರಪತಿಗೇ ದೃಷ್ಟಿ ತೆಗೆದ ಮಂಜಮ್ಮ



2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಿಂದ ಬಂದ ಒಂದು ದೃಶ್ಯ ನಿಮಗೆಲ್ಲ ನೆನಪಿರಬೇಕು. ಪದ್ಮಶ್ರೀ ತಗೊಳ್ಳೋಕೆ ಹೋದ ಮಂಜಮ್ಮ ಜೋಗತಿ, ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಎದುರು ನಿಂತು ಸೆರಗು ಹಿಡಿದು ದೃಷ್ಟಿ ತೆಗೆದರು. ಇಡೀ ದೇಶ ಅದನ್ನ ಮತ್ತೆ ಮತ್ತೆ ನೋಡಿತು.

ನಮ್ಮ ಮನೆಗಳಲ್ಲಿ ದೃಷ್ಟಿ ತೆಗೆಯೋರು ಯಾರು? ಅಮ್ಮ, ಅಜ್ಜಿ, ಮನೆಯ ಹಿರಿಯರು. ಒಂದು ಕಾಲಕ್ಕೆ ತಮ್ಮದು ಅಂತ ಒಂದು ಮನೆಯೂ ಇಲ್ಲದಿದ್ದ ಜೀವ, ಅವತ್ತು ದೇಶದ ಪ್ರಥಮ ಪ್ರಜೆಗೆ ಮನೆ ಹಿರಿಯಳಾಗಿ ನಿಂತಿತ್ತು.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದಾಗ ಅವರ ಹೆಸರು ಮಂಜುನಾಥ ಶೆಟ್ಟಿ. ಹದಿಹರೆಯದಲ್ಲೇ ತಾನು ಹೆಣ್ಣು ಅನ್ನೋದು ಅವರಿಗೆ ಗೊತ್ತಾಗಿತ್ತು. ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಹರಿದು, ಮುತ್ತು ಕಟ್ಟಿ, ಅವರನ್ನ ಜೋಗತಿ ಮಾಡಿದರು. ಆಮೇಲೆ ಹೆತ್ತ ಮನೆ ದೂರವಾಯಿತು. ವಿಷ ಕುಡಿದರು, ಬದುಕಿ ಉಳಿದರು. ಭಿಕ್ಷೆ ಬೇಡಿದರು. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಹಾಡ್ತಾ, ಮಗ ತಲೆ ಮೇಲೆ ಕೊಡ ಹೊತ್ತು ಕುಣೀತಾ ಇದ್ದದ್ದು ಕಣ್ಣಿಗೆ ಬಿತ್ತು. ಅಲ್ಲಿಂದ ಕಾಳವ್ವ ಜೋಗತಿಯ ಹತ್ತಿರ ಬಂದರು. ಕಾಳವ್ವ ಕುಣಿತ ಕಲಿಸಿದರು, ಎಲ್ಲಮ್ಮನಾಟ ಕಲಿಸಿದರು. ಗುರು ಆದರು, ತಾಯಿಯೂ ಆದರು.

ನಾನು ಎಂಜಿನಿಯರಿಂಗ್ ಓದಿದವನು. ತಲೆ ಮೇಲಿನ ಕೊಡಕ್ಕೆ ಕೈ ಹಚ್ಚದೆ ಕುಣಿಯೋದರ ಲೆಕ್ಕಾಚಾರ ಬೇಕಾದರೆ ಬರೆದು ತೋರಿಸಬಲ್ಲೆ. ಆದರೆ ಕಾಲಡಿಯ ನೆಲವೇ ಕುಸಿದವರು ಆ ಸಮತೋಲ ಹೇಗೆ ಸಾಧಿಸಿದರು ಅನ್ನೋದು ಯಾವ ಸೂತ್ರಕ್ಕೂ ಸಿಗೋದಿಲ್ಲ.

ಕಾಳವ್ವನ ನಂತರ ತಂಡವನ್ನ ಮಂಜಮ್ಮ ಮುನ್ನಡೆಸಿದರು. ಮನೆ ಬಾಗಿಲಲ್ಲಿ ಅಕ್ಕಿ, ಚಿಲ್ಲರೆಗೆ ಕುಣಿಯುತ್ತಿದ್ದ ಕಲೆಯನ್ನ ವೇದಿಕೆ ಹತ್ತಿಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಆ ಕುರ್ಚಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಕೂತಿದ್ದು ಅದೇ ಮೊದಲು.

ಹಾಗಾದರೆ ಈ ಪರಂಪರೆಯನ್ನ ಉಳಿಸೋಣ ಅಂತೀವಿ. ಸರಿ. ಆದರೆ ಇಲ್ಲೊಂದು ಇಕ್ಕಟ್ಟು ಇದೆ. ಈ ಮೇಳಗಳಿಗೆ ಬಂದವರಲ್ಲಿ ಎಷ್ಟೋ ಜನ, ಹೆತ್ತವರು ಬೇಡ ಅಂದಿದ್ದಕ್ಕೆ ಬಂದವರು. ಕಲೆ ಉಳೀಬೇಕು ಅಂತ ಇನ್ನೂ ನಾಲ್ಕು ಮಕ್ಕಳು ಬೀದಿಗೆ ಬೀಳಬೇಕಾ? ಖಂಡಿತ ಬೇಡ. ಇಷ್ಟಪಟ್ಟು ಬಂದವರು ಮೇಳದಲ್ಲಿ ಕಲೀಲಿ, ಗೌರವಧನ ಪಡೀಲಿ. ಉಳಿದವರು ಶಾಲೆಗೆ ಹೋಗಲಿ, ನೌಕರಿಗೆ ಸೇರಲಿ. 2014ರಲ್ಲಿ ಸುಪ್ರೀಂ ಕೋರ್ಟ್ ಇವರ ಗುರುತನ್ನ ಮಾನ್ಯ ಮಾಡಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಆದರೆ ಹದಿನೈದನೇ ವಯಸ್ಸಿಗೆ ಮನೆ ಬಿಟ್ಟ ಮಗು ಎಸ್‌ಎಸ್‌ಎಲ್‌ಸಿ ಮುಗಿಸದಿದ್ದರೆ, ಆ ಮೀಸಲಾತಿಯ ಅರ್ಜಿ ತುಂಬೋರು ಯಾರು?

ನಮ್ಮ ಪಿರಿಯಾಪಟ್ಟಣದ ಕೊಪ್ಪದ ಕಡೆ ಜೋಗತಿ ಮೇಳ ನೋಡಿದವರು ಕಡಿಮೆ. ಇದು ಬಳ್ಳಾರಿ ಸೀಮೆಯ ಮಾತು, ನಮಗೇನು ಅನ್ನಬೇಡಿ. ಇಂಥ ಮಕ್ಕಳು ಎಲ್ಲ ಊರಲ್ಲೂ ಹುಟ್ತಾರೆ. ಕೊಪ್ಪದ ಪಕ್ಕದಲ್ಲೇ ಬೈಲಕುಪ್ಪೆ ಇದೆ. 1960ರ ದಶಕದಲ್ಲಿ ದೇಶ ಕಳಕೊಂಡು ಬಂದ ಟಿಬೆಟಿನವರಿಗೆ ನೆಲೆ ಕೊಟ್ಟ ಮಣ್ಣು ಅದು. ಅವರ ಭಾಷೆ ಬೇರೆ, ಊಟ ಬೇರೆ. ಆದರೂ ಅಕ್ಕಪಕ್ಕದಲ್ಲಿ ಬದುಕ್ತಾ ಇದ್ದೀವಿ. ಅಷ್ಟು ದೂರದಿಂದ ಬಂದವರಿಗೆ ಜಾಗ ಸಿಕ್ಕ ಊರಲ್ಲಿ, ನಮ್ಮ ಹೊಟ್ಟೆಯಲ್ಲೇ ಹುಟ್ಟಿದ ಮಗುವಿಗೆ ನಡುಮನೆಯಲ್ಲಿ ಒಂದು ಚಾಪೆಯಷ್ಟು ಜಾಗ ಸಿಗಲ್ಲ ಅಂದರೆ ಹೇಗೆ?

ಮಂಜಮ್ಮನಿಗೆ ಚಪ್ಪಾಳೆ ತಟ್ಟೋದು ಸುಲಭ. ಮಂಜುನಾಥನಾಗಿ ಹುಟ್ಟಿ ಮಂಜಮ್ಮ ಆಗ್ತಾ ಇರೋ ಮಗುವಿನ ತಟ್ಟೆಗೆ, ಇವತ್ತು ರಾತ್ರಿ, ಎಂದಿನ ಹಾಗೆ ಅನ್ನ ಬಡಿಸ್ತೀವಾ? ಉತ್ತರ ನಿಮ್ಮ ನಿಮ್ಮ ಮನೆಗೇ ಬಿಟ್ಟಿದ್ದು.