ಅಪೇಕ್ಷ ಅಂದರೆ ಅರ್ಜಿ



ಇಲ್ಲಿ ಕೂತವರಲ್ಲಿ ಐಟಿಐ ಮುಗಿಸಿ ವಯರಿಂಗ್ ಕೆಲಸಕ್ಕೆ ಇಳಿದ ತಮ್ಮಂದಿರು ಸುಮಾರು ಜನ ಇದ್ದೀರಿ. ಅದಕ್ಕೆ ಇವತ್ತು ಕನ್ನಡದ ವಿಷಯವನ್ನು ಲೈಸೆನ್ಸಿನ ಕಡೆಯಿಂದ ಹೇಳ್ತೇವೆ.

ನಮ್ಮ ಬದಿಯಡ್ಕ ಕಡೆಯ ಅಣ್ಣ ಒಬ್ಬರು ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಕೆಲಸದಲ್ಲಿ ಎರಡು ಮಾತಿಲ್ಲ. ಸಾಲದ ವಿಷಯಕ್ಕೆ ಬ್ಯಾಂಕಿಗೆ ಬಂದಾಗ ನಾವು ಲೈಸೆನ್ಸಿನ ಪ್ರತಿ ಕೇಳಿದೆವು. ನೋಡಿದರೆ ಅವಧಿ ಮುಗಿದು ಎಂಟು ತಿಂಗಳು! ಕಾಗದವೇನೋ ಬಂದಿತ್ತಂತೆ, ಮಲಯಾಳದಲ್ಲಿ. "ಕೂಡಿಸಿ ಕೂಡಿಸಿ ಓದಿದೆ, 'ಅಪೇಕ್ಷ' ಅಂತ ಇತ್ತು. ಯಾರದೋ ಅಪೇಕ್ಷೆ, ನಮಗ್ಯಾಕೆ ಅಂತ ಡ್ರಾಯರಿಗೆ ಹಾಕಿದೆ" ಅಂದರು. ಪೇಟೆಯ ಮಲಯಾಳ ಅವರಿಗೆ ನೀರು ಕುಡಿದ ಹಾಗೆ, ಆದರೆ ಕಚೇರಿಯ ಮಲಯಾಳ ಬೇರೆಯೇ. ಅಲ್ಲಿ ಅಪೇಕ್ಷ ಅಂದರೆ ಅರ್ಜಿ, ಪುದುಕ್ಕಲ್ ಅಂದರೆ ನವೀಕರಣ. ನಮಗೆ ಮೊದಲು ನಗು ಬಂತು. ಆಮೇಲೆ ನಗಲಿಕ್ಕೆ ಆಗಲಿಲ್ಲ.

ಯಾಕೆಂದರೆ ಲೈಸೆನ್ಸ್ ಇಲ್ಲದೆ ವಯರಿಂಗ್ ಗುತ್ತಿಗೆ ಮಾಡುವ ಹಾಗಿಲ್ಲ. 1956ರ ವಿದ್ಯುತ್ ನಿಯಮಗಳ 45ನೇ ನಿಯಮದಿಂದ ಬಂದ ಕಟ್ಟಳೆ ಅದು, ಈಗಿನ ಸುರಕ್ಷತಾ ನಿಯಮಗಳಲ್ಲೂ ಉಂಟು. ಆ ಎಂಟು ತಿಂಗಳು ಅಣ್ಣ ಕೆಲಸ ಮಾಡಿದ ಮನೆಗಳ ವರದಿಗೆ ಬೇರೆ ಕಾಂಟ್ರಾಕ್ಟರನ ಸಹಿ. ಸಹಿಗೆ ದುಡ್ಡು. ತನ್ನದೇ ಗಿರಾಕಿಯ ಮನೆಯಲ್ಲಿ ಅಣ್ಣ ಕೂಲಿಯವರಾದರು.

ಮಂಗಳೂರು ಹತ್ತಿರ ಅಲ್ವಾ, ಅಲ್ಲಿ ಮಾಡಿಸಿದರೆ ಆಗ್ತದಾ ಅಂತ ಕೇಳುವವರಿದ್ದಾರೆ. ಆಗೋದಿಲ್ಲ. ಲೈಸೆನ್ಸ್ ಆಯಾ ರಾಜ್ಯದ್ದು. ನಮಗೆ ತಿರುವನಂತಪುರದ ಲೈಸೆನ್ಸಿಂಗ್ ಬೋರ್ಡು, ಹೊಸೂರಿನವರಿಗೆ ತಮಿಳುನಾಡಿನದು, ಸೊಲ್ಲಾಪುರದವರಿಗೆ ಮಹಾರಾಷ್ಟ್ರದ್ದು.

ಇನ್ನು ಹೆಸರು. ಕೌಂಟರಿನಲ್ಲಿ ಕೂತು ನಾವು ದಿನಾ ನೋಡುವ ರಗಳೆ ಇದು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಅದನ್ನೇ ಬಿಡಿಸಿ ಮುಂದೆ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲೇ ಇಲ್ಲ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ 'ಭಟ್' ಇದ್ದದ್ದು 'ಭಟ್ಟ' ಆಗಿರ್ತದೆ. ಮನೆ ಹೆಸರಿನ ಜಾಗದಲ್ಲಿ ಊರಿನ ಹೆಸರು. ಮೂರು ಕಾಗದದಲ್ಲಿ ಮೂರು ಮನುಷ್ಯ! ಕೊನೇ ವಾರದಲ್ಲಿ ಇದನ್ನು ಸರಿಮಾಡಲಿಕ್ಕೆ ಆಗೋದಿಲ್ಲ ಮಾರಾಯ್ರೇ, ಇವತ್ತೇ ಮನೆಗೆ ಹೋಗಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಸೂಪರ್‌ವೈಸರ್ ಪರ್ಮಿಟ್ಟಿನ ಅವಧಿ ಬೇರೆ, ಅದನ್ನೂ ನೋಡಿ. ಮೆಗ್ಗರ್, ಅರ್ಥ್ ಟೆಸ್ಟರುಗಳ ಟೆಸ್ಟ್ ಸರ್ಟಿಫಿಕೇಟ್ ಹಳತಾಗದ ಹಾಗೆ ಇಟ್ಟುಕೊಳ್ಳಿ.

ಹಾಗಾದರೆ ಭಾಷೆಯ ಹಕ್ಕು ಎಲ್ಲಿ ಹೋಯಿತು? ಅದು ಉಂಟು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟ್ಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಇದು ಯಾರೋ ಕೊಟ್ಟ ದಯೆ ಅಲ್ಲ, ಕಾನೂನು.

ಆದರೆ ಒಂದು ಮಾತು ಖಡಾಖಂಡಿತ ಹೇಳ್ತೇವೆ. ಕನ್ನಡದಲ್ಲಿ ಕಾಗದ ಬರಲಿ, ಆಮೇಲೆ ನೋಡುವ ಅಂತ ಕೂತರೆ ತಾರೀಕು ನಿಲ್ಲೋದಿಲ್ಲ. ಅಕ್ಷಯ ಕೇಂದ್ರಕ್ಕೆ ಹೋಗಿ ಆನ್‌ಲೈನ್ ಅರ್ಜಿ ಹಾಕಿ, ಶುಲ್ಕ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಅದೇ ದಿನ ನವೀಕರಣದ ಸೂಚನೆ ಕನ್ನಡದಲ್ಲಿ ಕಳಿಸಿ ಅಂತ ಇಲಾಖೆಗೆ ಒಂದು ಕನ್ನಡ ಕಾಗದ ಬರೆದು ಸ್ಪೀಡ್ ಪೋಸ್ಟ್ ಮಾಡಿ. ಹಾಗೆ ಬರೆದವರು ನಮ್ಮಲ್ಲಿ ಎಷ್ಟು ಜನ? ಘೋಷಣೆ ಕೂಗಲಿಕ್ಕೆ ನೂರು ಜನ ಬರ್ತಾರೆ, ಕಾಗದ ಬರೆಯಲಿಕ್ಕೆ ನಾಲ್ಕು ಜನ ಸಿಗೋದಿಲ್ಲ. ಯಾರೂ ಕೇಳದಿದ್ದರೆ, ಕನ್ನಡ ಯಾರಿಗೂ ಬೇಡ ಅಂತ ಅವರು ತಿಳಿದುಕೊಳ್ಳೋದರಲ್ಲಿ ತಪ್ಪೇನು?

ಅಣ್ಣನ ಲೈಸೆನ್ಸ್ ದಂಡ ಕಟ್ಟಿದ ಮೇಲೆ ನವೀಕರಣ ಆಯಿತು. ಕನ್ನಡ ಕಾಗದಕ್ಕೆ ಉತ್ತರ ಇನ್ನೂ ಬಂದಿಲ್ಲ, ಎರಡನೇ ಕಾಗದ ಹಾಕಿದ್ದೇವೆ. ವಿಳಾಸ ಮರೆಮಾಡಿದ ಪ್ರತಿ ಇಲ್ಲಿ ಮೇಜಿನ ಮೇಲೆ ಇದೆ, ಬೇಕಾದವರು ಫೋಟೋ ತೆಗೆದುಕೊಳ್ಳಿ.