ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್: ಹಳೇ ಕಾರು ಕೊಳ್ಳೋ ಮುಂಚೆ ಇದನ್ನ ಕೇಳಿ

ಇವತ್ತು ಮೈಸೂರಿನ ಬನ್ನಿಮಂಟಪದಿಂದ ಮಾತಾಡ್ತಾ ಇದೀನಿ. ಇಲ್ಲಿ ರಸ್ತೆ ಪಕ್ಕ ಹತ್ತು ನಿಮಿಷ ನಿಂತ್ರೆ ಸಾಕು, ಹಳೇ ಸ್ವಿಫ್ಟ್, ಸ್ಯಾಂಟ್ರೊ, ಇಟಿಯೋಸ್, ಹೋಂಡಾ ಸಿಟಿ ಒಂದಾದ ಮೇಲೊಂದು ಕಣ್ಣಿಗೆ ಬೀಳುತ್ತವೆ. ಹತ್ತು, ಹದಿನೈದು ವರ್ಷ ದಾಟಿದ ಗಾಡಿಗಳು. ಇವುಗಳ ಪೆಟ್ರೋಲ್ ಇಂಜಿನ್‌ಗಳಲ್ಲಿ ಟರ್ಬೊ ಇಲ್ಲ.

ನಿಮ್ಮಲ್ಲಿ ಎಷ್ಟೋ ಜನ ಮೊದಲನೇ ಕಾರು ಹುಡುಕ್ತಾ ಇರ್ತೀರ. ಕೈಯಲ್ಲಿ ಮೂರ್ನಾಲ್ಕು ಲಕ್ಷ, ಅದರಲ್ಲೂ ಅರ್ಧ ಸಾಲ. ಇಂಥ ಕಾರಲ್ಲಿ ಇಂಜಿನ್ ಬಿಚ್ಚಬೇಕಾಗಿ ಬಂದ್ರೆ, ಬಿಲ್ಲು ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗಿಬಿಡಬಹುದು. ಹಾಗಾಗಿ ಯಾವ ಇಂಜಿನ್ ಬಾಳಿಕೆ ಬರುತ್ತೆ, ಯಾಕೆ ಬರುತ್ತೆ ಅನ್ನೋದು ತಿಳಿದಿರಬೇಕು.

ಟರ್ಬೊ ಅಂದ್ರೆ ಹೊರಹೋಗೋ ಹೊಗೆಯ ಬಲದಿಂದ ತಿರುಗೋ ಒಂದು ಪುಟ್ಟ ಫ್ಯಾನು. ಅದು ಗಾಳಿಯನ್ನ ಒತ್ತಿ ಇಂಜಿನ್ನಿಗೆ ತುಂಬುತ್ತೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಜೋರಾಗಿ ಓಡಿಸುವಾಗ ಅದರೊಳಗೆ ನುಗ್ಗೋ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಇಷ್ಟು ಬಿಸಿಯಲ್ಲಿ ಇಷ್ಟು ವೇಗದಲ್ಲಿ ತಿರುಗೋ ಭಾಗವನ್ನ ಕಾಪಾಡೋದು ಇಂಜಿನ್ ಆಯಿಲ್. ಆಯಿಲ್ ಬದಲಾಯಿಸೋದು ತಡವಾದ್ರೆ ಮೊದಲು ಪೆಟ್ಟು ಬೀಳೋದು ಅಲ್ಲಿಗೇ. ಚಿಕ್ಕ ಇಂಜಿನ್ನಿಂದ ದೊಡ್ಡ ಕೆಲಸ ತೆಗೀತೀವಲ್ಲ, ಪಿಸ್ಟನ್, ಬೇರಿಂಗ್, ಹೆಡ್ ಗ್ಯಾಸ್ಕೆಟ್ ಮೇಲೂ ಒತ್ತಡ ಜಾಸ್ತಿ.

ಟರ್ಬೊ ಇಲ್ಲದ ಇಂಜಿನ್ ತಾನಾಗೇ ಎಳೆದುಕೊಂಡಷ್ಟೇ ಗಾಳಿಯಲ್ಲಿ ಕೆಲಸ ಮಾಡುತ್ತೆ. ಒತ್ತಡ ಕಡಿಮೆ, ಕೆಡೋಕೆ ಭಾಗಗಳೂ ಕಡಿಮೆ. ಬನ್ನಿಮಂಟಪದವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, ದಸರಾದಲ್ಲಿ 750 ಕೆಜಿ ಅಂಬಾರಿ ಹೊತ್ತ ಆನೆ ಅರಮನೆಯಿಂದ ಇಲ್ಲಿವರೆಗೆ ಸುಮಾರು 5 ಕಿಲೋಮೀಟರ್ ನಡೆದೇ ಬರುತ್ತೆ, ಓಡೋದಿಲ್ಲ. ಈ ಇಂಜಿನ್ನಿನ ಸ್ವಭಾವವೂ ಅದೇ.

ಇನ್ನೊಂದು ವಿಷಯ. ಹಳೇ ಸ್ವಿಫ್ಟ್‌ನ 1.2 ಲೀಟರ್ ಕೆ ಸೀರೀಸ್, ನಮ್ಮ ಬಿಡದಿಯಲ್ಲಿ ತಯಾರಾದ ಇಟಿಯೋಸ್‌ನ 1.5 ಲೀಟರ್ ಇಂಜಿನ್, ಇವುಗಳಲ್ಲಿ ಪೆಟ್ರೋಲು ವಾಲ್ವ್‌ಗಿಂತ ಮುಂಚೆಯೇ ಸಿಂಪಡಣೆ ಆಗುತ್ತೆ. ಆ ಪೆಟ್ರೋಲೇ ವಾಲ್ವನ್ನ ತೊಳೀತಾ ಇರುತ್ತೆ. ಈಗಿನ ಹಲವು ಟರ್ಬೊಗಳಲ್ಲಿ ಪೆಟ್ರೋಲು ನೇರ ಸಿಲಿಂಡರ್ ಒಳಗೇ ಹೋಗುತ್ತೆ. ವಾಲ್ವ್ ತೊಳೆಯೋರಿಲ್ಲ, ವರ್ಷಗಳು ಕಳೆದ ಹಾಗೆ ಕಾರ್ಬನ್ ಕಟ್ಟಬಹುದು. ಎಲ್ಲ ಟರ್ಬೊಗಳೂ ಹೀಗೇ ಅಂತಲ್ಲ. ಕೊಳ್ಳೋ ಮಾಡೆಲ್ ಯಾವ ಥರದ್ದು ಅಂತ ವಿಚಾರಿಸಿ.

ಹಾಗಂತ ಟರ್ಬೊ ಕೆಟ್ಟದ್ದಲ್ಲ. ಮೈಸೂರಿನಿಂದ ಊಟಿಗೆ ಹೋಗಿ ನೋಡಿ. ಅಲ್ಲಿ ಎತ್ತರ ಸುಮಾರು 2,240 ಮೀಟರ್, ಗಾಳಿ ತೆಳು. ಟರ್ಬೊ ಇಲ್ಲದ ಇಂಜಿನ್ ಅಲ್ಲಿ ಸುಮಾರು ಐದನೇ ಒಂದು ಪಾಲು ಶಕ್ತಿ ಕಳ್ಕೊಳ್ಳುತ್ತೆ. ನಾಲ್ಕು ಜನ ಕೂತು, ಎಸಿ ಹಾಕಿ, ಕಲ್ಲಟ್ಟಿ ಘಾಟಿ ಹತ್ತುವಾಗ ಅದು ಚೆನ್ನಾಗಿ ಗೊತ್ತಾಗುತ್ತೆ. ಟರ್ಬೊ ಅಲ್ಲೇ ಗೆಲ್ಲೋದು.

ಇನ್ನು, ಟರ್ಬೊ ಇಲ್ಲ ಅಂದ ಮಾತ್ರಕ್ಕೆ ಇಂಜಿನ್ ಚಿರಂಜೀವಿ ಅಲ್ಲ. ಇದಕ್ಕೆ ದೊಡ್ಡ ಶತ್ರು ಓವರ್‌ಹೀಟ್. ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿದು ಸುರಿದು ರೇಡಿಯೇಟರ್‌ನಲ್ಲಿ ತುಕ್ಕು, ಸುಣ್ಣ ಕಟ್ಟುತ್ತೆ. ಒಂದು ದಿನ ಟೆಂಪರೇಚರ್ ಮುಳ್ಳು ಮೇಲೇರುತ್ತೆ. ‘ಮನೆ ಹತ್ರ ಇದೆ, ಹೋಗಿಬಿಡೋಣ’ ಅಂತ ಓಡಿಸಿದ್ರೆ ಅಲ್ಯೂಮಿನಿಯಂ ಹೆಡ್ ಬಾಗಿಬಿಡುತ್ತೆ. ಮುಳ್ಳು ಏರಿದ್ರೆ ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ.

ಎರಡನೇದು ಟೈಮಿಂಗ್ ಬೆಲ್ಟ್. ಕೆ ಸೀರೀಸ್ ಇಂಜಿನ್ನಿನ ಸ್ವಿಫ್ಟ್, ಇಟಿಯೋಸ್‌ನಲ್ಲಿ ಚೈನ್ ಇದೆ. ಹಳೇ ಸ್ಯಾಂಟ್ರೊದಲ್ಲಿ ಬೆಲ್ಟ್. ಹಲವು ಇಂಜಿನ್‌ಗಳಲ್ಲಿ ಬೆಲ್ಟ್ ತುಂಡಾದ್ರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತೆ. ಯಾವಾಗ ಬದಲಾಯಿಸಿದ್ರು ಅನ್ನೋದಕ್ಕೆ ಬಿಲ್ ಇಲ್ಲ ಅಂದ್ರೆ, ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ.

ಮೂರನೇದು ಇ20 ಪೆಟ್ರೋಲು. ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನ ಬೇಗ ಬದಲಾಯಿಸಬೇಕಾಗಬಹುದು ಅಂತ 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಪೆಟ್ರೋಲ್ ವಾಸನೆ ಬಂದ್ರೆ ತಡ ಮಾಡದೆ ಪೈಪುಗಳನ್ನ ನೋಡಿಸಿ.

ಈಗ ಕಾರು ನೋಡೋಕೆ ಹೋಗೋರಿಗೆ. ಬೆಳಿಗ್ಗೆ ಹೋಗಿ, ಇಂಜಿನ್ ತಣ್ಣಗಿರಬೇಕು. ನೀವು ಬರೋಷ್ಟರಲ್ಲಿ ಸ್ಟಾರ್ಟ್ ಮಾಡಿ ಇಟ್ಟಿದ್ರೆ ಯಾಕೆ ಅಂತ ಕೇಳಿ. ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ನೊರೆ ಇದ್ರೆ ಆಯಿಲ್‌ಗೆ ನೀರು ಸೇರಿರಬಹುದು. ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಾ ಇದೆ. ಸ್ಟಾರ್ಟ್ ಮಾಡಿದ ತಕ್ಷಣ ಗಲಗಲ ಶಬ್ದ ಮುಂದುವರಿದ್ರೆ ಚೈನ್ ಸಡಿಲ ಆಗಿರಬಹುದು. ಆಮೇಲೆ ನಿಮಗೆ ಗೊತ್ತಿರೋ ಮೆಕ್ಯಾನಿಕ್‌ಗೆ ತೋರಿಸಿ, ಮಾರೋರ ಮೆಕ್ಯಾನಿಕ್‌ಗೆ ಅಲ್ಲ.

ಆರ್‌ಸಿ ತಾರೀಖನ್ನೂ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಶುಲ್ಕ, ತೆರಿಗೆ ಕಟ್ಟಿ ಐದು ವರ್ಷಕ್ಕೆ ನವೀಕರಿಸಬೇಕು. ಆ ಖರ್ಚನ್ನ ಬೆಲೆ ಚೌಕಾಸಿ ಮಾಡುವಾಗಲೇ ಕಳೀರಿ.

ನನ್ನ ಅಭಿಪ್ರಾಯ ಇಷ್ಟೇ: ಊರೊಳಗೆ ಓಡಾಟ, ಕಡಿಮೆ ಬಜೆಟ್, ಸೆಕೆಂಡ್ ಹ್ಯಾಂಡ್ ಅಂದ್ರೆ ಟರ್ಬೊ ಇಲ್ಲದ್ದೇ ಒಳ್ಳೇದು. ಆದ್ರೆ ಸರ್ವಿಸ್ ದಾಖಲೆ ಇಲ್ಲದ ಸಾದಾ ಇಂಜಿನ್‌ಗಿಂತ, ಸರಿಯಾಗಿ ಆಯಿಲ್ ಬದಲಾಯಿಸಿಕೊಂಡು ಬಂದ ಟರ್ಬೊನೇ ಮೇಲು. ಕಾರಿಗಿಂತ ಮೊದಲು ಅದರ ಬಿಲ್ಲುಗಳನ್ನ ನೋಡಿ.